ಗುದ್ದಲಿ ಮೊದಲು, ರೀಲ್ಸ್ ಆಮೇಲೆ

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗುಡ್ಡ ಹತ್ತುವ ಹುಡುಗ ಹುಡುಗಿಯರವು, ಉಳಿದರ್ಧ ಅವರ ಮನೆಯವರವು. ಚಿತ್ರದುರ್ಗದಲ್ಲಿ ಡ್ರಿಲ್ ಮೇಷ್ಟ್ರಾಗಿ, ಸ್ಕೌಟ್ ಮಾಸ್ತರನಾಗಿ ಕಾಲ ಕಳೆದವನು ಎಂಬ ಕಾರಣಕ್ಕೆ ಸಂಪಾದಕರು ಇಡೀ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ.

ಪ್ರಶ್ನೆ: ಮೇಷ್ಟ್ರೇ, ನಾವು ಒಂದೇ ಬೀದಿಯ ಎಂಟು ಮಂದಿ ಸ್ನೇಹಿತರು. ಊರ ಹೊರಗಿನ ಗುಡ್ಡದ ಗುಡಿಗೆ ಹೋಗುವ ಕಾಲುದಾರಿ ಮುಳ್ಳು, ಪ್ಲಾಸ್ಟಿಕ್, ಕೊರಕಲುಗಳಿಂದ ಹಾಳಾಗಿದೆ. ಅದನ್ನು ಸರಿಪಡಿಸಿ, ಬಂಡೆಗಳ ಮೇಲೆ ಹಳದಿ ಬಣ್ಣದಲ್ಲಿ ಬಾಣದ ಗುರುತು ಬರೆದು, ಎಲ್ಲರೂ ಬರುವಂತೆ ಮಾಡಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಬಣ್ಣದ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸುವುದರಿಂದ ಆರಂಭಿಸು ಮಗಳೇ. ನಮ್ಮೂರಿನ ಬಂಡೆಗಳನ್ನು ಬರೀ ಬಂಡೆ ಎಂದುಕೊಳ್ಳುವಂತಿಲ್ಲ. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸುದ್ದಿ ಇರುವುದು ತಾಮ್ರಪಟದಲ್ಲಲ್ಲ, ಬಂಡೆಯ ಮೇಲೆ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು 1958ರ ಕಾಯಿದೆಯೂ ಅದರ 2010ರ ತಿದ್ದುಪಡಿಯೂ ಹೇಳುತ್ತವೆ. ಒಳ್ಳೆಯ ಉದ್ದೇಶಕ್ಕೆ ಬರೆದ ಬಾಣಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ದಾರಿ ತಪ್ಪುವ ಕವಲಿನಲ್ಲಿ ಮೂರು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟರೆ ಸಾಕು. ಬೇಡವಾದ ದಿನ ಕೈಯಿಂದಲೇ ಕೆಡವಬಹುದು.

ಎರಡನೆಯದು, ಗುಡ್ಡ ಯಾರದು ಎಂದು ತಿಳಿದುಕೊಳ್ಳಿ. ಅರಣ್ಯ ಇಲಾಖೆಯದೋ, ಪುರಾತತ್ವ ಇಲಾಖೆಯದೋ, ಕಂದಾಯ ಭೂಮಿಯೋ, ಗುಡಿಯ ಸುತ್ತಲಿನದು ಮುಜರಾಯಿಗೆ ಸೇರಿದ್ದೋ? ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಸರ್ವೆ ನಂಬರ್ ಕೇಳಿದರೆ ಗೊತ್ತಾಗುತ್ತದೆ. ಅರಣ್ಯವಾದರೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಹಾಕಬೇಕು. ಜೋಗಿಮಟ್ಟಿ ಈಗ ವನ್ಯಜೀವಿಧಾಮ, ಅಲ್ಲಿ ಕಾಲಿಡುವುದಕ್ಕೇ ಅನುಮತಿ ಬೇಕು. ಅರ್ಜಿಯಲ್ಲಿ ಪರಿಸರ, ಯುವಶಕ್ತಿ, ಜಾಗೃತಿ ಎಂದು ಪುಟ ತುಂಬಿಸಬೇಡಿ. ಯಾವ ತಾರೀಖು, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಕೈಯಲ್ಲಿ ಯಾವ ಸಲಕರಣೆ, ಜೊತೆಗೆ ಬರುವ ದೊಡ್ಡವರು ಯಾರು ಎಂದು ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ. ಸಾಹೇಬರು ಓದುವುದು ಅಷ್ಟನ್ನೇ.

ಇನ್ನು ಕೆಲಸದ ಮಾತು. ಮುಳ್ಳು ಸವರುವುದನ್ನೂ ಬಾಟಲಿ ಆಯುವುದನ್ನೂ ಯಾರೂ ಕಲಿಸಬೇಕಾಗಿಲ್ಲ. ದಾರಿಯನ್ನು ನಿಜವಾಗಿ ಕೊಲ್ಲುವುದು ನೀರು. ನಮ್ಮದು ಬರದ ಸೀಮೆ, ಆದರೆ ಮಳೆ ಬಂದಾಗ ಒಂದೇ ಸಂಜೆಯಲ್ಲಿ ಸುರಿದು ಹೋಗುತ್ತದೆ. ಆ ನೀರಿಗೆ ಇಳಿಯಲು ಸಿಗುವ ಸುಲಭದ ಜಾಗವೇ ಮನುಷ್ಯರು ತುಳಿದ ಜಾಡು. ಮಣ್ಣು ಕೊಚ್ಚಿಹೋಗಿ ಕೊರಕಲು ಬೀಳುತ್ತದೆ. ನಡೆಯುವವರು ಕೊರಕಲು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ, ಮರುವರ್ಷ ನೀರು ಅಲ್ಲಿಯೂ ಇಳಿಯುತ್ತದೆ. ಅಡಿ ಅಗಲದ ದಾರಿ ಎತ್ತಿನಗಾಡಿಯ ದಾರಿಯಷ್ಟು ಹರಡಿಕೊಳ್ಳುವುದು ಹೀಗೆ.

ಆದ್ದರಿಂದ ಮೊದಲ ದಿನ ಗುದ್ದಲಿ ಮನೆಯಲ್ಲಿರಲಿ. ಗುಡುಗು ಸಿಡಿಲಿಲ್ಲದ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಹೋಗಿ, ನೀರು ದಾರಿಯನ್ನು ಎಲ್ಲಿ ಸೇರುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಿ ಬನ್ನಿ. ಸೇರುವ ಜಾಗದಿಂದ ತುಸು ಕೆಳಗೆ, ದಾರಿಗೆ ಓರೆಯಾಗಿ ಕಲ್ಲಿನ ಸಾಲು ಕೂರಿಸಬೇಕು. ನೇರ ಅಡ್ಡವಾಗಿ ಇಟ್ಟರೆ ನೀರು ಮೇಲಿಂದ ಹಾರಿ ಕೆಳಗಿನ ಮಣ್ಣು ತೋಡುತ್ತದೆ. ಓರೆಯಾಗಿದ್ದರೆ ಕಲ್ಲಿನ ಗುಂಟ ಸರಿದು ಇಳಿಜಾರಿನ ಬದಿಗೆ ಹೋಗುತ್ತದೆ. ಪ್ರತಿ ಕಲ್ಲೂ ಅರ್ಧಕ್ಕಿಂತ ಹೆಚ್ಚು ಮಣ್ಣಿನೊಳಗಿರಲಿ, ನಿಮ್ಮಲ್ಲಿ ದಪ್ಪಗಿರುವವರು ಮೇಲೆ ನಿಂತು ಅಲುಗಾಡಿಸಿದರೂ ಕದಲಬಾರದು. ನೀರು ಹೊರಬೀಳುವ ಕಡೆ ನಾಲ್ಕಾರು ಅಡಿ ಉದ್ದದ ಕಾಲುವೆ ತೋಡಿ, ಮಳೆಗಾಲಕ್ಕೆ ಮುಂಚೆ ಅದರಲ್ಲಿ ಬಿದ್ದ ಎಲೆ ತೆಗೆಯಿರಿ. ಇದೇನು ಹೊಸ ವಿದ್ಯೆಯಲ್ಲ. ಕೋಟೆಗೆ ಹೋದಾಗ ನೋಡು: ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುವಂತೆ ಮಾಡಿದ್ದಾರೆ. ಓಬವ್ವನ ಕಿಂಡಿಯಲ್ಲಿ ಫೋಟೊ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಇದನ್ನು ಯಾರೂ ಮಕ್ಕಳಿಗೆ ತೋರಿಸುವುದಿಲ್ಲ.

ಕಲ್ಲು ಎತ್ತುವಾಗ ನಿಮ್ಮಿಂದ ಆಚೆಗಿನ ಅಂಚನ್ನು ಎತ್ತಬೇಕು, ಅಡಿಯಲ್ಲಿ ಚೇಳಿದ್ದರೆ ಅದರ ದಾರಿ ಆ ಕಡೆಗೆ ತೆರೆದಿರುತ್ತದೆ. ಹಳೆಯ ಗೋಡೆಯಿಂದ ಉದುರಿದ ಕಲ್ಲು ಎಷ್ಟೇ ಹದವಾಗಿ ಕಂಡರೂ ಮುಟ್ಟಬೇಡಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ, ವಿಜ್ಞಾನ. ಭಾನುವಾರ ಬಂತೆಂದರೆ ಗುಂಪು ಕಟ್ಟಿಕೊಂಡು ಗುಡ್ಡದ ದಾರಿ ಸರಿಮಾಡುತ್ತೇನೆಂದು ಹೋಗುತ್ತಾನೆ. ಕರಡಿ, ಹಾವು ಎಂದು ನನಗೆ ಜೀವ ಹೋಗುತ್ತದೆ. ಓದೂ ಹಾಳು. ಬುದ್ಧಿ ಹೇಳಿ.
– ಒಬ್ಬ ತಾಯಿ, ಹೊಳಲ್ಕೆರೆ

ಉತ್ತರ: ತಾಯೀ, ನಿಮ್ಮ ಹೆದರಿಕೆ ಸುಳ್ಳಲ್ಲ. ನಮ್ಮ ಗುಡ್ಡಗಳಲ್ಲಿ ಕರಡಿ ಇದೆ, ಚಿರತೆ ಇದೆ. ಕರಡಿ ಹಗಲು ಬಂಡೆಗಳ ಪೊಟರೆಯಲ್ಲಿ ಮಲಗಿ ಬೆಳಗಿನ ಜಾವ, ಮುಸ್ಸಂಜೆ ಓಡಾಡುತ್ತದೆ. ಸೀತಾಫಲ ಹಣ್ಣಾಗುವ ಕಾಲದಲ್ಲಂತೂ ಅದಕ್ಕೆ ಹಬ್ಬ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋಗಿ ನಾಲ್ಕು ಗಂಟೆಗೆ ಕೆಳಗಿಳಿಯಲಿ, ಗವಿಗೆ ಇಣುಕದಿರಲಿ, ಕಿವಿಗೆ ಇಯರ್‌ಫೋನ್ ಬೇಡ, ಗಟ್ಟಿಯಾಗಿ ಮಾತಾಡುತ್ತಾ ನಡೆಯಲಿ. ಕರಡಿ ಮೈಮೇಲೆ ಬೀಳುವುದು ಬಹುಪಾಲು ತಟ್ಟನೆ ಎದುರಾದಾಗ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆಮಾಡಿ ದೊಡ್ಡಾಸ್ಪತ್ರೆ ಸೇರಿಸಬೇಕು. ಜೊತೆಯಲ್ಲಿ ಒಬ್ಬ ದೊಡ್ಡವರಿಲ್ಲದಿದ್ದರೆ ಕಳುಹಿಸಲೇಬೇಡಿ, ಇದರಲ್ಲಿ ನಾನು ನಿಮ್ಮ ಕಡೆ.

ಓದಿನ ವಿಷಯದಲ್ಲಿ ಮಾತ್ರ ಮಗನ ಕಡೆ. ದಾರಿಯ ಕೆಲಸಕ್ಕೆ ಹದವಾದ ಕಾಲ ಮಣ್ಣು ಇನ್ನೂ ಹಸಿಯಿರುವ ದಸರಾದಿಂದ ಡಿಸೆಂಬರ್‌ವರೆಗೆ. ಆಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ದಿನಗಳು, ಗುಡ್ಡದಲ್ಲಿ ಹುಡುಗರು ಇರಬಾರದು. ಪರೀಕ್ಷೆಯೂ ಆಗಲೇ. ತಿಂಗಳಿಗೆ ಎರಡು ಭಾನುವಾರ ಮಣ್ಣು ಹೊತ್ತರೆ ಸಿಇಟಿ ರ‍್ಯಾಂಕು ಎಲ್ಲೂ ಓಡಿಹೋಗುವುದಿಲ್ಲ. ಮೊಬೈಲ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ, ನಿಮಗೂ ಗೊತ್ತು.

ಪ್ರಶ್ನೆ: ನಾವು ರೀಲ್ಸ್ ಮಾಡಿ ಗುಡ್ಡವನ್ನು ಫೇಮಸ್ ಮಾಡಿದರೆ ಊರಿಗೆ ಪ್ರವಾಸಿಗರು ಬರುತ್ತಾರಲ್ಲವೇ? ಹಿರಿಯರು ಯಾಕೆ ಮೂಗು ಮುರಿಯುತ್ತಾರೆ?
– ಡಿಪ್ಲೊಮಾ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಬರುತ್ತಾರೆ ಮಾರಾಯ, ಅದೇ ಭಯ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ವಿಡಿಯೊ ನೀನೂ ನೋಡಿರುತ್ತೀಯ. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಲ್ಲಿ ಕಾವಲಿಗೆ ಜನರಾದರೂ ಇದ್ದರು. ನಿಮ್ಮ ಗುಡ್ಡದಲ್ಲಿ ಕಸದ ಬುಟ್ಟಿ ಇಡುವವರು ಯಾರು, ಅದನ್ನು ಹೊತ್ತು ಇಳಿಸುವವರು ಯಾರು?

ಪ್ರಚಾರ ಬೇಡ ಎನ್ನುತ್ತಿಲ್ಲ. ಬುಡದಲ್ಲಿ ಕನ್ನಡದ ಒಂದು ಫಲಕ ಹಾಕಿಸಿ: ತುದಿಗೆ ಎಷ್ಟು ದೂರ, ಮೇಲೆ ಕುಡಿಯುವ ನೀರಿಲ್ಲ, ಇಂತಿಷ್ಟು ಹೊತ್ತಿಗೆ ಇಳಿಯಬೇಕು, ಬೀಡಿ ಬೆಂಕಿಪೊಟ್ಟಣ ಒಳಗೆ ತರಬಾರದು. ಪಕ್ಕದ ಹೈಸ್ಕೂಲಿನ ಮಕ್ಕಳನ್ನು ಸಣ್ಣ ಗುಂಪಾಗಿ ನೀವೇ ಕರೆದೊಯ್ಯಿರಿ. ಕೈಯಲ್ಲಿ ಬರೆದ ನಕ್ಷೆಯನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ. ರೀಲ್ಸ್ ಮಾಡಲೇಬೇಕೆಂದರೆ ಕಲ್ಲು ಕೂರಿಸುವುದನ್ನು ತೋರಿಸು. ಹಕ್ಕಿಗೂಡು, ಕರಡಿ ಮಲಗುವ ಪೊಟರೆಯ ಲೊಕೇಶನ್ ಮಾತ್ರ ಹಾಕಕೂಡದು.

ಪ್ರಶ್ನೆ: ದುರ್ಗದವರಿಗೆ ಗುಡ್ಡವಿದೆ. ದಾವಣಗೆರೆಯಲ್ಲಿ ಹುಟ್ಟಿದ ನಾವು ಬೆಣ್ಣೆದೋಸೆ ತಿಂದು ಮಲಗಬೇಕೇ?
– ಮೂವರು ಗೆಳೆಯರು, ದಾವಣಗೆರೆ

ಉತ್ತರ: ದೋಸೆ ತಿಂದೇ ಬಾತಿ ಗುಡ್ಡಕ್ಕೆ ಹೋಗಿ, ಎಷ್ಟು ದೂರವಿದೆ ಮಹಾ! ಕೊಂಡಜ್ಜಿಯಲ್ಲಿ ಕೆರೆಯೂ ಇದೆ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವೂ ಇದೆ. ಹಗ್ಗದ ಗಂಟು, ದಾರಿ ಗುರುತು ಕಲಿಯಲು ಅದಕ್ಕಿಂತ ಬೇರೆ ಜಾಗ ಯಾಕೆ? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಜೀವಿಧಾಮ. ನಾಲ್ಕು ಕೊಂಬಿನ ಆ ಪ್ರಾಣಿ ಬಲು ನಾಚಿಕೆಯದು, ಅಲ್ಲಿಗೆ ಇಲಾಖೆಯವರ ಜೊತೆ ಮಾತ್ರ.

ಪ್ರಶ್ನೆ: ನಾವು ಸರಿಪಡಿಸಿದ ದಾರಿಗೆ ನಮ್ಮ ತಂಡದ ಹೆಸರಿಡಬಹುದೇ? ಪ್ರಮಾಣಪತ್ರ ಸಿಗುತ್ತದೆಯೇ?
– ವಿದ್ಯಾರ್ಥಿ, ಹಿರಿಯೂರು

ಉತ್ತರ: ಆ ದಾರಿಯಲ್ಲಿ ನಿಮಗಿಂತ ಮೊದಲು ಕುರಿ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿ, ಅದಕ್ಕೆ ಹೆಸರು ಆಗಲೇ ಇರುತ್ತದೆ. ಫಲಕದ ಮೇಲೆ ಅದನ್ನೇ ಬರೆಯಿರಿ. ಪ್ರಮಾಣಪತ್ರಕ್ಕೆ ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಕಾಣಿರಿ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆಯಾಗಬೇಕು, ಮೊದಲೇ ಒಪ್ಪಿಗೆ ಪಡೆದರೆ ಗುಡ್ಡದ ಕೆಲಸವನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು. ಹಾಜರಿ ಪುಸ್ತಕವನ್ನು ತಂಡದಲ್ಲಿ ಅತಿ ಜಿಪುಣನ ಕೈಗೆ ಕೊಡಿ, ಮಾಡದ ಕೆಲಸಕ್ಕೆ ಗಂಟೆ ಬರೆಯುವುದಿಲ್ಲ.