ಓದುಗರ ಪ್ರಶ್ನೆ: ಜಿಮ್ಮಿ ರಶಿಂಗ್ ದನಿಯನ್ನು ಕೇಳುವುದು ಹೇಗೆ?

ಪ್ರಶ್ನೆ: ಅಮೆರಿಕದ ಕೌಂಟ್ ಬೇಸಿ ಅವರ ಜಾಝ್ ಬ್ಯಾಂಡಿನ ಗಾಯಕ ಜಿಮ್ಮಿ ರಶಿಂಗ್ ಅವರನ್ನು ‘ಬ್ಲೂಸ್ ಶೌಟರ್’, ಅಂದರೆ ಬ್ಲೂಸ್ ಹಾಡುಗಳನ್ನು ಕೂಗಿ ಹಾಡುವವರು, ಎನ್ನುತ್ತಾರೆ. ನನಗೆ ಕೂಗು ಕೇಳಿಸುವುದೇ ಇಲ್ಲ. ಯಾವ ರೆಕಾರ್ಡಿನಿಂದ ಶುರು ಮಾಡಲಿ? (ಮೈಸೂರು)

ಉತ್ತರ: ನೀವು ಕೇಳಿದ್ದು ಸರಿಯಾಗಿಯೇ ಇದೆ. ಒಕ್ಲಹಾಮ ಸಿಟಿಯ ರಶಿಂಗ್ ಅವರದು ಎತ್ತರದ ಶ್ರುತಿಯ ಟೆನರ್ ದನಿ. ತುತ್ತೂರಿಗಳ ಅಬ್ಬರವನ್ನು ಅದು ಸೀಳಿಕೊಂಡು ಬರುವುದು ಗಟ್ಟಿತನದಿಂದಲ್ಲ, ಆ ಎತ್ತರದಿಂದ ಮತ್ತು ಅಕ್ಷರಗಳ ಸ್ಪಷ್ಟತೆಯಿಂದ.

1941ರ ‘ಗೋಯಿಂಗ್ ಟು ಶಿಕಾಗೋ ಬ್ಲೂಸ್’ ಹಾಕಿ, ಬೆರಳಲ್ಲಿ ಎಣಿಸುತ್ತಾ ಕೇಳಿ. ಒಂದು ಚರಣಕ್ಕೆ 12 ಬಾರ್ (ತಾಳದ ಆವರ್ತ), ಪ್ರತಿ ಬಾರ್‌ಗೆ 4 ಎಣಿಕೆ, ಒಟ್ಟು 48. ಮೂರು ಸಾಲುಗಳಿಗೆ ನಾಲ್ಕು ನಾಲ್ಕು ಬಾರ್. ಎರಡನೆಯದು ಮೊದಲ ಸಾಲಿನದೇ ಪುನರಾವರ್ತನೆ. ಪ್ರತಿ ಸಾಲಿನ ಮಾತು ಸುಮಾರು ಅರ್ಧಕ್ಕೇ ಮುಗಿದುಬಿಡುತ್ತದೆ. ಉಳಿದ ಜಾಗ ಬಕ್ ಕ್ಲೇಟನ್ ಅವರ ಮ್ಯೂಟ್ (ಸದ್ದು ತಗ್ಗಿಸುವ ಮುಚ್ಚಳ) ಹಾಕಿದ ಟ್ರಂಪೆಟ್ಟಿಗೆ. ಆ ಜಾಗವನ್ನು ಬಿಟ್ಟುಕೊಡುವುದರಲ್ಲೇ ರಶಿಂಗ್ ಅವರ ದೊಡ್ಡತನವಿದೆ. ಆಮೇಲೆ 1938ರ ‘ಸೆಂಟ್ ಫಾರ್ ಯು ಯೆಸ್ಟರ್‌ಡೇ’, ಅಲ್ಲಿಂದ ಹಿಂದಕ್ಕೆ 1929ರ ‘ಬ್ಲೂ ಡೆವಿಲ್ ಬ್ಲೂಸ್’. ಈ ಕೊನೆಯದು ಬೇಸಿ ಬ್ಯಾಂಡಿಗೆ ಸೇರುವ ಮೊದಲು, ವಾಲ್ಟರ್ ಪೇಜ್ ಅವರ ತಂಡದೊಂದಿಗೆ ಹಾಡಿದ್ದು.

ಚರಣಗಳು ಇಷ್ಟೇನಾ ಅನ್ನಿಸಬಹುದು. ಆಗಿನ 10 ಇಂಚಿನ ರೆಕಾರ್ಡ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. ನಿಮಿಷಕ್ಕೆ 120 ಎಣಿಕೆಯ ನಡೆಯಾದರೆ 12 ಬಾರಿನ ಒಂದು ಸುತ್ತಿಗೆ 24 ಸೆಕೆಂಡು, ಅಂದರೆ ಏಳು ಸುತ್ತು. ಅಷ್ಟರಲ್ಲೇ ವಾದ್ಯದವರಿಗೂ ಪಾಲು ಬೇಕು.

ಪ್ರಶ್ನೆ: 1936ರ ‘ಜೋನ್ಸ್-ಸ್ಮಿತ್ ಇನ್‌ಕಾರ್ಪೊರೇಟೆಡ್’ ರೆಕಾರ್ಡಿನಲ್ಲೂ ಇವರದೇ ದನಿ. ಬೇಸಿ ಹೆಸರು ಏಕಿಲ್ಲ? (ಧಾರವಾಡ)

ಉತ್ತರ: ಬೇಸಿ ಆಗಲೇ ಡೆಕ್ಕಾ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ್ದರು, ಬೇರೆ ಲೇಬಲ್ಲಿನಲ್ಲಿ ಅವರ ಹೆಸರು ಹಾಕುವಂತಿರಲಿಲ್ಲ. ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಶಿಕಾಗೋದಲ್ಲಿ ವೊಕಾಲಿಯನ್ ಲೇಬಲ್ಲಿಗಾಗಿ ಮುದ್ರಿಸಿಕೊಂಡಾಗ ಡ್ರಮ್ಮಿನ ಜೋ ಜೋನ್ಸ್, ಟ್ರಂಪೆಟ್ಟಿನ ಕಾರ್ಲ್ ಸ್ಮಿತ್ ಇವರ ಹೆಸರು ಜೋಡಿಸಿದರು. ನಾಲ್ಕು ಹಾಡುಗಳಲ್ಲಿ ‘ಈವ್ನಿನ್’ ಮತ್ತು ‘ಬೂಗಿ ವೂಗಿ’ ರಶಿಂಗ್ ಅವರವು.

ಪ್ರಶ್ನೆ: ಬೇಸಿಯ ಹಳೆಯ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆ ಸಿಕ್ಕಿದೆ. ಎಲ್‌ಪಿ ಪ್ಲೇಯರಿನಲ್ಲಿ ಬರೀ ಕರಕರ. (ಬೆಂಗಳೂರು)

ಉತ್ತರ: ದಯವಿಟ್ಟು ಆ ಸೂಜಿಯಲ್ಲಿ ಮತ್ತೆ ಹಾಕಬೇಡಿ. ಎಲ್‌ಪಿ ಸೂಜಿಯ ತುದಿ ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಇನ್ನೂ ಸಣ್ಣದು. 78ರ ಅಗಲವಾದ ಗೀರಿನಲ್ಲಿ ಅದು ತಳಕ್ಕೆ ಕುಸಿದು ಅಲ್ಲಿನ ಕೊಳೆಯನ್ನೇ ಓದುತ್ತದೆ. ಸುಮಾರು 75 ಮೈಕ್ರಾನಿನ 78ರ ಸೂಜಿ ಬೇಕು. ಪ್ಲೇಯರಿನಲ್ಲಿ 78ರ ವೇಗ ಇದೆಯೇ ನೋಡಿಕೊಳ್ಳಿ. ಆಂಪ್ಲಿಫೈಯರನ್ನು ಮೋನೋಗೆ (ಎರಡೂ ಕಡೆಯ ಸದ್ದು ಒಂದಾಗುವಂತೆ) ತಿರುಗಿಸಿದರೆ, ಸೂಜಿಯ ಮೇಲೆ-ಕೆಳಗಿನ ಅಲುಗಾಟದ ಸದ್ದು ಬಹುಪಾಲು ರದ್ದಾಗುತ್ತದೆ.

ತೊಳೆಯಲು ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆ ಸಾಕು. ಲೇಬಲ್ ನೆನೆಯದಿರಲಿ. ಸ್ಪಿರಿಟ್ ಮಾತ್ರ ಮುಟ್ಟಿಸಲೇಬೇಡಿ: ತಟ್ಟೆಯಲ್ಲಿರುವ ಅರಗು ಅದರಲ್ಲಿ ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ.