ಮೆಟಾಲಿಕಾಗಿಂತ ಎಂಟು ವರ್ಷ ಮೊದಲೇ

'ಹೆವಿ ಮೆಟಲ್ ಎಲ್ಲರ ಕಿವಿಗೆ ಬಿದ್ದದ್ದು ಮೆಟಾಲಿಕಾದ 1991ರ ಆಲ್ಬಂನಿಂದಲೇ ಅಲ್ವಾ?' ಅಂತ ಕೇಳಿದ್ದೀರಿ. (ಹೆವಿ ಮೆಟಲ್ ಅಂದರೆ ಅಬ್ಬರದ ಗಿಟಾರ್‌ಗಳ ರಾಕ್ ಸಂಗೀತ; ಮೆಟಾಲಿಕಾ ಅದನ್ನು ನುಡಿಸುವ ಅಮೆರಿಕದ ತಂಡ.) ನನ್ನ ಪ್ರಕಾರ ಅಲ್ಲ. ಅಮೆರಿಕದ ಮಟ್ಟಿಗೆ ಆ ವರ್ಷ 1983.

ಆ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಅಸ್ ಫೆಸ್ಟಿವಲ್' ಅನ್ನೋ ಸಂಗೀತೋತ್ಸವ ನಡೆಯಿತು. ನಡೆಸಿದವರು ಆಪಲ್‌ನ ಸ್ಟೀವ್ ವೋಜ್ನಿಯಾಕ್ (ಹೌದು, ಕಂಪ್ಯೂಟರ್‌ನವರೇ!). ಅದರಲ್ಲಿ ಇಡೀ ಒಂದು ದಿನ ಮೆಟಲ್‌ಗೇ ಮೀಸಲು. ಜೂಡಾಸ್ ಪ್ರೀಸ್ಟ್, ಸ್ಕಾರ್ಪಿಯನ್ಸ್, ವ್ಯಾನ್ ಹೇಲನ್ ತಂಡಗಳು, ಗಾಯಕ ಓಝಿ ಆಸ್ಬರ್ನ್ ಎಲ್ಲರೂ ಒಂದೇ ವೇದಿಕೆಯಲ್ಲಿ. ಜನಸಾಗರವೇ ಸೇರಿತ್ತು.

ಅಂದು ನುಡಿಸಿದವರಲ್ಲಿ ಕ್ವಯಟ್ ರಯಟ್ ಅನ್ನೋ ಲಾಸ್ ಏಂಜಲೀಸ್ ತಂಡವೂ ಇತ್ತು. ಬ್ರಿಟನ್ನಿನ ಸ್ಲೇಡ್ ತಂಡದ ಹತ್ತು ವರ್ಷ ಹಳೇ ಹಾಡೊಂದನ್ನು ಅವರು ಮತ್ತೆ ಹಾಡಿ ಆ ವರ್ಷ ಬಿಡುಗಡೆ ಮಾಡಿದರು. ಅದು ಅಮೆರಿಕದ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ನವೆಂಬರ್‌ನಲ್ಲಿ ಅವರ 'ಮೆಟಲ್ ಹೆಲ್ತ್' ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇ ಬಂತು. ಮೆಟಲ್ ಆಲ್ಬಂಗೆ ಆ ಜಾಗ ಸಿಕ್ಕಿದ್ದು ಅದೇ ಮೊದಲು ಅಂತಾರೆ. ಪಾಪ, ಡೆಫ್ ಲೆಪರ್ಡ್ ತಂಡದ 'ಪೈರೋಮೇನಿಯಾ' ಆಲ್ಬಂ ಅದೇ ವರ್ಷ 2ನೇ ಸ್ಥಾನದಲ್ಲೇ ನಿಂತುಬಿಟ್ಟಿತ್ತು. ಮೇಲೆ ಕೂತಿದ್ದವನು ಮೈಕಲ್ ಜಾಕ್ಸನ್!

ಇದಕ್ಕೆಲ್ಲ ಒತ್ತಾಸೆಯಾಗಿದ್ದು 1981ರಲ್ಲಿ ಶುರುವಾದ, ಹಾಡುಗಳ ವಿಡಿಯೊ ತೋರಿಸುವ ಟಿವಿ ವಾಹಿನಿ ಎಂಟಿವಿ. ಉದ್ದ ಕೂದಲು, ಚರ್ಮದ ಜಾಕೆಟ್ಟು, ಬೆಂಕಿ, ಹೊಗೆ. ಟಿವಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮೆಟಾಲಿಕಾ? ಅವರು ಮೊದಲ ವಿಡಿಯೊ ಮಾಡಿದ್ದೇ 1989ರಲ್ಲಿ. 1991ರ ಆಲ್ಬಂ ದೊಡ್ಡದೇ, ಅನುಮಾನವಿಲ್ಲ. 2011ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಅವರು ಬಂದಾಗ ಜನ ಗಂಟಲು ಹರಿದುಕೊಂಡು ಕೂಗಿದ್ದೂ ಹೆಚ್ಚಾಗಿ ಆ ಹಾಡುಗಳಿಗೇ ಇರಬೇಕು. ಆದರೆ ಬಾಗಿಲು ಆಗಲೇ ತೆರೆದಿತ್ತು.