ಕಚೇರಿಯೇ ಇಲ್ಲದ ಕಂಪನಿಗೆ ಹೊಸ ಮುಖ್ಯಸ್ಥೆ

ಪ್ರಶ್ನೆ: ಬೆಳೆಯುತ್ತಿರುವ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ತಂತ್ರಜ್ಞಾನ ಮುಖ್ಯಸ್ಥೆಯಾಗಿ ಸೇರಿದ್ದೇನೆ. ಎಲ್ಲರೂ ಅವರವರ ಊರಿಂದಲೇ ಕೆಲಸ ಮಾಡುತ್ತಾರೆ. ಮೊದಲು ಏನು ಮಾಡಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲ ತಿಂಗಳು ಏನನ್ನೂ ಬದಲಿಸಬೇಡಿ. ಒಬ್ಬೊಬ್ಬರ ಜೊತೆಯೂ ಬೇರೆಬೇರೆಯಾಗಿ ಮಾತಾಡಿ, ಬರೆದ ಕೋಡ್ ಹೇಗೆ ಲೈವ್ ಆಗುತ್ತದೆ (ಅಂದರೆ ಗ್ರಾಹಕರ ಬಳಕೆಗೆ ಹೋಗುತ್ತದೆ), ರಾತ್ರಿ ಸರ್ವರ್ ಬಿದ್ದರೆ ಯಾರು ಏಳುತ್ತಾರೆ, ಯಾವ ವಿಷಯ ಒಬ್ಬರ ತಲೆಯಲ್ಲಿ ಮಾತ್ರ ಇದೆ ಅಂತ ತಿಳಿದುಕೊಳ್ಳಿ. ಆ ಕೊನೆಯದೇ ದೊಡ್ಡ ಅಪಾಯ. ತೀರ್ಮಾನಗಳನ್ನು ಕಾರಣ ಸಮೇತ ಬರೆದಿಡಿ. ಎಲ್ಲರೂ ದೂರದಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿ ಗಿಟ್‌ಲ್ಯಾಬ್, ತನ್ನ ಕೆಲಸದ ಕೈಪಿಡಿಯನ್ನು ಎಲ್ಲರೂ ಓದುವಂತೆ ಇಂಟರ್ನೆಟ್ಟಿನಲ್ಲೇ ಇಟ್ಟಿದೆ, ನೋಡಿ. ಸುಮ್ನೆ ಮೀಟಿಂಗ್ ಜಾಸ್ತಿ ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ, ಯುಪಿಎಸ್ ಜೊತೆ ಎರಡನೇ ಇಂಟರ್ನೆಟ್ ಸಂಪರ್ಕವೂ ಇರಲಿ, ನೀವು ಸಿಗದಾಗ ತೀರ್ಮಾನ ಯಾರದ್ದು ಅನ್ನುವುದನ್ನು ತಂಡಕ್ಕೆ ಈಗಲೇ ಹೇಳಿಬಿಡಿ.